ಕ್ಯಾಲ್ಸಿಯಂ ಒಳಗೆ ಹೋಗುತ್ತಿಲ್ಲ: ಲಿವರ್ ಮೈಟೊಕಾಂಡ್ರಿಯಾದಲ್ಲಿ ದೋಷ ಹುಡುಕುವ ಬಗೆ

ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಇಲಿಯ ಲಿವರ್ ಕತ್ತರಿಸಿ, ಟೆಫ್ಲಾನ್ ಒನಕೆಯ ಹೋಮೋಜಿನೈಸರ್‌ನಲ್ಲಿ ಅರೆದು, ಸೆಂಟ್ರಿಫ್ಯೂಜ್‌ನಲ್ಲಿ ಮೊದಲು 600 ಜಿ (ಗುರುತ್ವದ 600 ಪಟ್ಟು ಬಲ), ಆಮೇಲೆ ಎರಡು ಸಲ 8,000 ಜಿ ತಿರುಗಿಸಿದರೆ ಹತ್ತೂವರೆ ಹೊತ್ತಿಗೆ ಕಾಫಿಪುಡಿ ಬಣ್ಣದ ಪೆಲೆಟ್, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳ ಉಂಡೆ, ಕೈಗೆ ಬರುತ್ತದೆ. ಅದನ್ನು ಕ್ಯೂವೆಟ್‌ಗೆ (ಅಳತೆಯ ಚಿಕ್ಕ ಪಾರದರ್ಶಕ ಪಾತ್ರೆಗೆ) ಹಾಕಿ ಒಂದು ಪಲ್ಸ್, ಅಂದರೆ ಒಂದು ಸಲದ ಅಳತೆ, ಕ್ಯಾಲ್ಸಿಯಂ ಬಿಟ್ಟರೆ ಹೊರಗಿನ ಕ್ಯಾಲ್ಸಿಯಂ ತೋರಿಸುವ ಪರದೆಯ ಮೇಲಿನ ಗೆರೆ ಥಟ್ಟನೆ ಏಳಬೇಕು, ನಿಮಿಷದೊಳಗೆ ಇಳಿದು ಮೊದಲಿನ ಜಾಗಕ್ಕೆ ಬಂದು ಕೂರಬೇಕು. ಕೂರುವುದಿಲ್ಲ. ಆಗ ಈ ಬರಹ ತೆಗೆದು ನೋಡಿ.

"ಚಾನೆಲ್ ಕೆಲಸ ಮಾಡ್ತಿಲ್ಲ ಅನ್ಸುತ್ತೆ ಮೇಡಂ." ನನ್ನ ವಿದ್ಯಾರ್ಥಿಗಳೆಲ್ಲರ ಮೊದಲ ಮಾತು ಇದೇ. ಇಷ್ಟು ವರ್ಷಗಳಲ್ಲಿ ಕ್ಯಾಲ್ಸಿಯಂ ಚಾನೆಲ್, ಅಂದರೆ ಕ್ಯಾಲ್ಸಿಯಂ ಅನ್ನು ಒಳಬಿಡುವ ಪ್ರೋಟೀನ್ ಬಾಗಿಲು, ನಿಜಕ್ಕೂ ಕೆಲಸ ನಿಲ್ಲಿಸಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ನಾವೇ ಮುಚ್ಚಿದ್ದು. ಮಿಕ್ಕ ಸಲವೆಲ್ಲ ದೋಷ ಇದ್ದದ್ದು ಬೇರೆ ಅಯಾನುಗಳ ಕಡೆ. ಕ್ಯಾಲ್ಸಿಯಂ ಎರಡು ಧನ ವಿದ್ಯುದಂಶ ಹೊತ್ತು ಒಳಗೆ ಹೋಗುತ್ತದೆ. ಆ ಎರಡಕ್ಕೆ ಲೆಕ್ಕ ಹೊಂದಿಸಲು ಪ್ರೋಟಾನುಗಳು ಹೊರಗೆ ಬರಬೇಕು, ಪ್ರೋಟಾನು ಕಳೆದುಕೊಂಡ ಒಳಭಾಗವನ್ನು ಸರಿದೂಗಿಸಲು ಫಾಸ್ಫೇಟ್ ಹಿಂದೆಯೇ ಹೋಗಬೇಕು. ಇವುಗಳಲ್ಲಿ ಯಾವುದೊಂದು ನಿಂತರೂ ಪರದೆಯ ಮೇಲೆ ಕಾಣುವುದು "ಕ್ಯಾಲ್ಸಿಯಂ ನಿಂತಿದೆ" ಎಂದೇ. ಅದಕ್ಕೇ ಕೆಳಗಿನ ಕ್ರಮದಲ್ಲಿ ಚಾನೆಲ್‌ನ ಸರದಿ ಕೊನೆಗೆ ಬರುತ್ತದೆ.

ಮೊದಲು ಗೆರೆಯನ್ನು ಓದಿ

ನಾನು ಇಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿರುವ ಏರ್ಪಾಡು ಇದು: 1 ಮಿಲಿಲೀಟರ್ ಮಾಧ್ಯಮ, ಅದರಲ್ಲಿ 125 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 10 ಮಿಲಿಮೋಲಾರ್ ಹೆಪಿಸ್ (ಪಿಎಚ್ ಕಾಯುವ ಬಫರ್), 2 ಮಿಲಿಮೋಲಾರ್ ಫಾಸ್ಫೇಟ್, 5 ಮಿಲಿಮೋಲಾರ್ ಸಕ್ಸಿನೇಟ್ (ಇಂಧನ), 1 ಮೈಕ್ರೊಮೋಲಾರ್ ರೋಟೆನೋನ್ (ಉಸಿರಾಟದ ಒಂದು ಹಂತ ತಡೆಯುವ ವಸ್ತು), ಪಿಎಚ್ 7.2. ಮೈಟೊಕಾಂಡ್ರಿಯಾ 1 ಮಿಲಿಗ್ರಾಂ ಪ್ರೋಟೀನ್. ಕ್ಯಾಲ್ಸಿಯಂ ಅಳೆಯಲು ಕ್ಯಾಲ್ಸಿಯಂ ಗ್ರೀನ್-5ಎನ್ ಎಂಬ ಹೊಳೆಯುವ ಬಣ್ಣ. ಪ್ರತಿ ಪಲ್ಸ್ 10 ಮೈಕ್ರೊಮೋಲಾರ್. ನಿಮ್ಮದು ಸ್ವಲ್ಪ ಬೇರೆಯಿದ್ದರೂ ನಡೆಯುತ್ತದೆ, ಗುಣಾಕಾರ ಮಾತ್ರ ಬದಲಾಗುತ್ತದೆ.

ಕೆಟ್ಟ ಗೆರೆ ನಾಲ್ಕು ಬಗೆಯಲ್ಲಿ ಕೆಡುತ್ತದೆ. ಒಂದು, ಪಲ್ಸ್ ಬಿಟ್ಟರೂ ಏಳುವುದೇ ಇಲ್ಲ. ಎರಡು, ಏಳುತ್ತದೆ, ಆದರೆ ಮೇಲೆಯೇ ನಿಲ್ಲುತ್ತದೆ. ಮೂರು, ಸ್ವಲ್ಪ ದೂರ ಇಳಿದು ಅಲ್ಲೇ ನಿಲ್ಲುತ್ತದೆ, ಅಥವಾ ಮೊದಲ ಪಲ್ಸ್ ಚೆನ್ನಾಗಿ ಇಳಿದು ಎರಡನೆಯದು ಕುಂಟುತ್ತದೆ. ನಾಲ್ಕು, ಚೆಂದವಾಗಿ ಇಳಿದು, ಕೆಲವು ನಿಮಿಷಗಳ ನಂತರ ತಾನೇ ತಾನಾಗಿ ಮೇಲೇಳುತ್ತದೆ. ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಇವನ್ನು ಬೆರೆಸಿಕೊಂಡು "ಪ್ರಯೋಗ ಫೇಲ್" ಎಂದು ನೋಟ್‌ಬುಕ್‌ನಲ್ಲಿ ಬರೆದರೆ ಮಾರನೆಯ ದಿನ ಅದನ್ನು ಓದಿ ಏನೂ ತಿಳಿಯುವುದಿಲ್ಲ. ಗೆರೆಯನ್ನೇ ಪ್ರಿಂಟ್ ತೆಗೆದು ಅಂಟಿಸಿ.

ಒಳಪೊರೆಯ ಲೆಕ್ಕ, ಬೇಕಾದಷ್ಟು ಮಾತ್ರ

ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆ. ಹೊರಪೊರೆಯಲ್ಲಿ ವಿಡ್ಯಾಕ್ ಎಂಬ ದೊಡ್ಡ ರಂಧ್ರಗಳಿರುವುದರಿಂದ ಸಣ್ಣ ಅಯಾನುಗಳಿಗೆ ಅದು ತೆರೆದ ಗೇಟು. ಕಾವಲು ಇರುವುದು ಒಳಪೊರೆಯಲ್ಲಿ. ಉಸಿರಾಟದ ಸರಪಳಿ, ಅಂದರೆ ಇಂಧನವನ್ನು ಆಮ್ಲಜನಕದಿಂದ ಉರಿಸುವ ಒಳಪೊರೆಯ ಪ್ರೋಟೀನುಗಳ ಸಾಲು, ಪ್ರೋಟಾನುಗಳನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಆ ಪ್ರೋಟಾನುಗಳು ಹಿಂದಿರುಗುವ ಬಲದಿಂದಲೇ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ತಯಾರಾಗುತ್ತದೆ ಎಂದು ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಬಹಳ ಜನ ನಂಬಲಿಲ್ಲ. 1978ರಲ್ಲಿ ಅದಕ್ಕೇ ಅವರಿಗೆ ನೊಬೆಲ್ ಬಂತು. ನಮ್ಮ ಕೆಲಸಕ್ಕೆ ಬೇಕಾದದ್ದು ಆ ಬಲದ ಎರಡು ಭಾಗಗಳು. ಒಂದು ವಿದ್ಯುತ್ ವಿಭವ: ಒಳಭಾಗ ಹೊರಗಿಗಿಂತ ಸುಮಾರು 150ರಿಂದ 180 ಮಿಲಿವೋಲ್ಟ್ ಋಣ. ಇನ್ನೊಂದು ಪಿಎಚ್ ಅಂತರ: ಒಳಭಾಗ ಸ್ವಲ್ಪ ಹೆಚ್ಚು ಕ್ಷಾರ.

ಕ್ಯಾಲ್ಸಿಯಂ ಚಾನೆಲ್ ಮೂಲಕ ಒಳಗೆ ಬರುವುದು ವಿಭವ ನೋಡಿಕೊಂಡು ಮಾತ್ರ, ಪಿಎಚ್ ಅಂತರ ಅದಕ್ಕೆ ಸಂಬಂಧಿಸಿದ್ದಲ್ಲ. ಒಂದು ವಿದ್ಯುದಂಶದ ಅಯಾನಿಗೆ 60 ಮಿಲಿವೋಲ್ಟ್‌ಗೆ ಹತ್ತುಪಟ್ಟು ಸಾಂದ್ರತೆಯ ಅಂತರವಾದರೆ, ಎರಡು ಹೊತ್ತ ಕ್ಯಾಲ್ಸಿಯಂಗೆ 30 ಮಿಲಿವೋಲ್ಟ್ ಸಾಕು. 180 ಮಿಲಿವೋಲ್ಟ್ ಇದ್ದರೆ ಲೆಕ್ಕದ ಪ್ರಕಾರ ಒಳಗೆ ಹತ್ತು ಲಕ್ಷ ಪಟ್ಟು ತುಂಬಬೇಕು. ಅಷ್ಟು ತುಂಬುವುದಿಲ್ಲ: ಒಳಗೆ ಬಂದದ್ದರ ಬಹುಪಾಲು ಫಾಸ್ಫೇಟ್ ಜೊತೆ ಕಟ್ಟಿಕೊಳ್ಳುತ್ತದೆ, ಸ್ವಲ್ಪ ಬೇರೆ ದಾರಿಯಿಂದ ಹೊರಗೆ ಹೋಗುತ್ತಿರುತ್ತದೆ. ಈ ಮೂರು ಸಂಗತಿಗಳನ್ನು, ಅಂದರೆ ವಿಭವ, ಫಾಸ್ಫೇಟ್, ಹೊರದಾರಿ, ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಗೆರೆ ಏಳುವುದೇ ಇಲ್ಲ

ಇದಕ್ಕೆ ಮೈಟೊಕಾಂಡ್ರಿಯಾ ಬೇಕಾಗಿಲ್ಲ. ಖಾಲಿ ಮಾಧ್ಯಮಕ್ಕೆ ಬಣ್ಣ ಹಾಕಿ ಪಲ್ಸ್ ಬಿಡಿ. ಆಗಲೂ ಗೆರೆ ಏಳದಿದ್ದರೆ ದೋಷ ಬಣ್ಣದಲ್ಲಿ, ಇಲ್ಲ ಕ್ಯಾಲ್ಸಿಯಂ ಸ್ಟಾಕ್‌ನಲ್ಲಿ. ಬಣ್ಣದ ಆಯ್ಕೆಯೇ ತಪ್ಪಿರುವುದೂ ಉಂಟು: ಜೀವಕೋಶಗಳಿಗೆಂದು ತರಿಸಿದ ಫ್ಲೂಓ-4 ಫ್ರಿಜ್‌ನಲ್ಲಿದೆ ಎಂದು ಅದನ್ನೇ ಬಳಸುತ್ತಾರೆ. ಅದು 0.35 ಮೈಕ್ರೊಮೋಲಾರ್ ಹತ್ತಿರವೇ ಅರ್ಧ ತುಂಬಿಬಿಡುತ್ತದೆ. ಮಾಧ್ಯಮದ ಕೊಳೆ ಕ್ಯಾಲ್ಸಿಯಂಗೇ ಪೂರ್ತಿ ಹೊಳೆದು, 10 ಮೈಕ್ರೊಮೋಲಾರ್ ಪಲ್ಸ್ ಬಿಟ್ಟಾಗ ತೋರಿಸಲು ಅದರ ಬಳಿ ಏನೂ ಉಳಿದಿರುವುದಿಲ್ಲ. ಕ್ಯಾಲ್ಸಿಯಂ ಗ್ರೀನ್-5ಎನ್ ಅರ್ಧ ತುಂಬುವುದು ಸುಮಾರು 14 ಮೈಕ್ರೊಮೋಲಾರ್‌ಗೆ. ಈ ಕೆಲಸಕ್ಕೆ ಬೇಕಾದದ್ದು ಅಂಥ, ಬೇಗ ತುಂಬಿಬಿಡದ ಬಣ್ಣವೇ.

ಖಾಲಿ ಮಾಧ್ಯಮದಲ್ಲಿ ಏಳುತ್ತದೆ, ಮೈಟೊಕಾಂಡ್ರಿಯಾ ಹಾಕಿದ ಮೇಲೆ ಏಳುವುದಿಲ್ಲ ಎಂದರೆ ಪೆಲೆಟ್ ಜೊತೆ ಇಜಿಟಿಎ ಬಂದಿದೆ. ಅರೆಯುವ ಬಫರ್‌ನಲ್ಲಿ 1 ಮಿಲಿಮೋಲಾರ್ ಇಜಿಟಿಎ ಹಾಕುವುದು ಒಳ್ಳೆಯದೇ, ಒಡೆದ ಕೋಶಗಳಿಂದ ಚೆಲ್ಲುವ ಕ್ಯಾಲ್ಸಿಯಂ ಅನ್ನು ಅದು ಹಿಡಿದುಕೊಳ್ಳುತ್ತದೆ. ಆದರೆ ಕೊನೆಯ ತೊಳೆತ ಮತ್ತು ಕೊನೆಯಲ್ಲಿ ಪೆಲೆಟ್ ಕದಡುವ ಬಫರ್ ಎರಡೂ ಇಜಿಟಿಎ ಇಲ್ಲದ್ದಾಗಿರಬೇಕು.

ಒಮ್ಮೆ ನಮ್ಮಲ್ಲಿ ಒಂದಿಡೀ ವಾರ ಇದರಲ್ಲೇ ಕಳೆಯಿತು. ಎರಡು ಬಾಟಲಿ, ಎರಡರ ಮೇಲೂ "ಐಬಿ" (ಅರೆಯುವ ಬಫರ್) ಎಂದು ಬರೆದಿತ್ತು, ಇಜಿಟಿಎ ಇಲ್ಲದ್ದಕ್ಕೆ ಪಕ್ಕದಲ್ಲಿ ಮಾರ್ಕರ್‌ನ ಒಂದು ಕಪ್ಪು ಚುಕ್ಕೆ. ಐಸ್ ಬಕೆಟ್‌ನಲ್ಲಿ ಕೂತು ಕೂತು ಚುಕ್ಕೆ ಅಳಿಸಿಹೋಗಿತ್ತು. ಪ್ರಯೋಗ ಮಾಡುತ್ತಿದ್ದ ಹುಡುಗಿ ಪ್ರತಿದಿನ ಒಂದೇ ಬಾಟಲಿ ಎತ್ತಿಕೊಳ್ಳುತ್ತಿದ್ದಳು, ಅದು ತಪ್ಪು ಬಾಟಲಿ.

ಅದು ಗೊತ್ತಾದದ್ದು ಹೀಗೆ. "ಪಲ್ಸ್ ಬಿಡ್ತಾನೇ ಹೋಗಮ್ಮ, ನಿಲ್ಲಿಸ್ಬೇಡ" ಎಂದೆ. ಮೊದಲ 10 ಕಾಣಲಿಲ್ಲ. ಎರಡನೆಯ 10 ಕಾಣಲಿಲ್ಲ. ಮೂರನೆಯದಕ್ಕೆ ಗೆರೆ ಸುಮಾರು ಅರ್ಧ ಎದ್ದಿತು, ಎದ್ದದ್ದು ಚೆನ್ನಾಗಿ ಇಳಿಯಿತು. ನಾಲ್ಕನೆಯದು ಪೂರ್ತಿ ಎದ್ದು ಇಳಿಯಿತು. ಅವಳು ಪರದೆ ನೋಡುತ್ತಲೇ ಕ್ಯಾಲ್ಕುಲೇಟರ್ ಎಳೆದುಕೊಂಡಳು. ಮಿಲಿಲೀಟರ್‌ಗೆ 40 ಮಿಲಿಗ್ರಾಂ ಇದ್ದ ಕದಡಿನಿಂದ 25 ಮೈಕ್ರೊಲೀಟರ್ ಹಾಕಿದರೆ, ಅದರಲ್ಲಿ 1 ಮಿಲಿಮೋಲಾರ್ ಇಜಿಟಿಎ ಇದ್ದರೆ, ಕ್ಯೂವೆಟ್‌ನಲ್ಲಿ 25 ಮೈಕ್ರೊಮೋಲಾರ್. ಎರಡು ಪಲ್ಸ್ ಮತ್ತು ಮೂರನೆಯದರ ಅರ್ಧ. ಲೆಕ್ಕ ಇಷ್ಟು ಚೊಕ್ಕವಾಗಿ ಕೂಡುವುದು ಲ್ಯಾಬ್‌ನಲ್ಲಿ ಅಪರೂಪ. ಈಗ ನಮ್ಮಲ್ಲಿ ಇಜಿಟಿಎ ಇರುವ ಬಾಟಲಿಗೆ ಕೆಂಪು ಮುಚ್ಚಳ.

ಇದರ ತದ್ವಿರುದ್ಧವೂ ಆಗುತ್ತದೆ: ಪಲ್ಸ್ ಬಿಡುವ ಮೊದಲೇ ಗೆರೆ ಎತ್ತರದಲ್ಲಿರುತ್ತದೆ, ಮೈಟೊಕಾಂಡ್ರಿಯಾ ಹಾಕಿದ ಕೂಡಲೇ ಇಳಿಯುತ್ತದೆ. ಮಾಧ್ಯಮದಲ್ಲೇ ಕ್ಯಾಲ್ಸಿಯಂ ಇದೆ ಎಂದರ್ಥ. ಬೆಂಗಳೂರಿನಲ್ಲಿ ಬೋರ್ ನೀರಲ್ಲಿ ಬೀಕರ್ ತೊಳೆದು ಒಣಗಿಸಿದರೆ ತಳದಲ್ಲಿ ಬಿಳಿ ಕಲೆ ಉಳಿಯುತ್ತದಲ್ಲ, ಅದೇ. ಬೀಕರ್‌ಗಳನ್ನು ಕೊನೆಗೆ ಮೂರು ಸಲ ಡೀಅಯನೈಸ್ಡ್ ನೀರಲ್ಲಿ ಜಾಲಾಡಿಸಿ, ಮಾಧ್ಯಮವನ್ನು ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿಡಿ.

ಏಳುತ್ತದೆ, ಇಳಿಯುವುದಿಲ್ಲ

ವಿಭವ ಇಲ್ಲ ಎಂದೇ ಮೊದಲು ಅನುಮಾನಿಸಬೇಕು. ಎಳೆಯುವ ವಿದ್ಯುತ್ತೇ ಇಲ್ಲದಿದ್ದರೆ ಚಾನೆಲ್ ತೆರೆದಿದ್ದರೂ ಪ್ರಯೋಜನವಿಲ್ಲ.

ಬೇಗ ನೋಡಬೇಕೆಂದರೆ ಸಾಫ್ರಾನಿನ್. ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಕಾಂಡದ ತೆಳುಹೋಳಿಗೆ ಹಚ್ಚುತ್ತಿದ್ದೆವಲ್ಲ, ಅದೇ ಕೆಂಪು ಬಣ್ಣ. ಧನ ವಿದ್ಯುದಂಶ ಹೊತ್ತಿರುವುದರಿಂದ ಋಣವಾದ ಒಳಭಾಗಕ್ಕೆ ನುಗ್ಗಿ, ಅಲ್ಲಿ ಒತ್ತೊತ್ತಾಗಿ ಸೇರಿ ಹೊಳಪು ಕಳೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಬಣ್ಣವಿಲ್ಲದ ಇನ್ನೊಂದು ಕ್ಯೂವೆಟ್‌ನಲ್ಲಿ ಕೆಲವೇ ಮೈಕ್ರೊಮೋಲಾರ್ ಸಾಫ್ರಾನಿನ್, ಮೈಟೊಕಾಂಡ್ರಿಯಾ, ಆಮೇಲೆ ಸಕ್ಸಿನೇಟ್ ಹಾಕಿ: ಹೊಳಪು ಇಳಿಯಬೇಕು. ಎಫ್‌ಸಿಸಿಪಿ ಹಾಕಿದರೆ ಮರಳಿ ಏರಬೇಕು. ಎಫ್‌ಸಿಸಿಪಿ ಎಂದರೆ ಪೊರೆಯ ಮೂಲಕ ಪ್ರೋಟಾನುಗಳನ್ನು ಹೊತ್ತು ಅತ್ತಿಂದಿತ್ತ ಓಡಾಡುವ ಅಣು, ಅದು ಬಂದರೆ ವಿಭವ ನೆಲಕಚ್ಚುತ್ತದೆ. ಸಕ್ಸಿನೇಟ್‌ಗೆ ಇಳಿಯದಿದ್ದರೆ, ಇಲ್ಲವೇ ಎಫ್‌ಸಿಸಿಪಿ ಹಾಕಿದಾಗ ಏನೂ ಬದಲಾಗದಿದ್ದರೆ, ವಿಭವ ಮೊದಲೇ ಇರಲಿಲ್ಲ.

ಯಾಕೆ ಇಲ್ಲ ಎಂದು ತಿಳಿಯಲು ಆಮ್ಲಜನಕದ ಎಲೆಕ್ಟ್ರೋಡ್ ಬೇಕು. ಎಟಿಪಿಯ ಕಚ್ಚಾವಸ್ತುವಾದ ಎಡಿಪಿ ಹಾಕಿದಾಗಿನ ಉಸಿರಾಟದ ವೇಗವನ್ನು ಎಡಿಪಿ ಮುಗಿದ ಮೇಲಿನ ವೇಗದಿಂದ ಭಾಗಿಸಿದರೆ ಬರುವ ಅನುಪಾತ ಲಿವರ್‌ಗೆ, ಸಕ್ಸಿನೇಟ್ ಜೊತೆ, 4ರ ಆಸುಪಾಸು ಅಥವಾ ಹೆಚ್ಚಿರಬೇಕು. 3ಕ್ಕಿಂತ ಕಡಿಮೆಯಾದರೆ ನಾನು ಆ ತಯಾರಿಯನ್ನು ಸಿಂಕ್‌ಗೆ ಸುರಿಯುತ್ತೇನೆ, ಯಾರು ಎಷ್ಟು ಬೇಡಿಕೊಂಡರೂ. ಎರಡೂ ವೇಗಗಳು ಕಡಿಮೆ ಇದ್ದರೆ ಇಂಧನದ ಸಮಸ್ಯೆ. ಎರಡನೆಯದೂ ಜೋರಾಗಿದ್ದರೆ ಪ್ರೋಟಾನುಗಳು ಎಲ್ಲೋ ಸೋರಿ ಹಿಂದಿರುಗುತ್ತಿವೆ.

ಇಲ್ಲಿ ಬೆಂಗಳೂರು, ಮೈಸೂರಿನವರಿಗೊಂದು ಮಾತು. ಕೈಪಿಡಿಗಳಲ್ಲಿ 25 ಡಿಗ್ರಿಯಲ್ಲಿ ಗಾಳಿಯಾಡಿದ ಬಫರ್‌ನಲ್ಲಿ ಸುಮಾರು 240 ಮೈಕ್ರೊಮೋಲಾರ್ ಆಮ್ಲಜನಕ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಹತ್ತು ಶೇಕಡಾ ಕಡಿಮೆ, ಹಾಗಾಗಿ ಇಲ್ಲಿ 215ರ ಸುತ್ತಮುತ್ತ. ಸಾಫ್ಟ್‌ವೇರ್‌ನಲ್ಲಿ ಒತ್ತಡದ ಖಾನೆಯನ್ನು ಹಾಗೇ ಬಿಟ್ಟರೆ ನಿಮ್ಮ ಇಲಿಗಳೆಲ್ಲ ಮಂಗಳೂರಿನ ಇಲಿಗಳಿಗಿಂತ ಹತ್ತು ಶೇಕಡಾ ಜೋರಾಗಿ ಉಸಿರಾಡುತ್ತವೆ. ಅನುಪಾತಕ್ಕೆ ಇದರಿಂದ ಧಕ್ಕೆಯಿಲ್ಲ, ವೇಗಗಳನ್ನು ಬೇರೆಯವರ ಅಂಕಿಗಳ ಜೊತೆ ಹೋಲಿಸುವಾಗ ಮಾತ್ರ ಕಾಡುತ್ತದೆ.

ಇಂಧನದ ಕಡೆಯ ತಪ್ಪುಗಳಲ್ಲಿ ನನಗೆ ಹೆಚ್ಚು ಸಿಕ್ಕಿರುವುದು ಎರಡು. ಸಕ್ಸಿನಿಕ್ ಆಮ್ಲದ ಪುಡಿ ತೂಗಿ ನೀರಿಗೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ ಸರಿಮಾಡದೆ ಹಾಗೇ ಬಿಡುವುದು ಒಂದು. 10 ಮಿಲಿಮೋಲಾರ್ ಹೆಪಿಸ್ ಅಷ್ಟು ಹುಳಿಯನ್ನು ತಡೆಯಲಾರದು. ರೋಟೆನೋನ್ ಮರೆಯುವುದು ಇನ್ನೊಂದು. ಸಕ್ಸಿನೇಟ್ ಉರಿದು ಬರುವ ಆಕ್ಸಲೋಅಸಿಟೇಟ್ ಒಳಗೆ ಸೇರಿಕೊಂಡರೆ ಸಕ್ಸಿನೇಟ್ ಉರಿಸುವ ಕಿಣ್ವವನ್ನೇ ಹಿಡಿದು ನಿಲ್ಲಿಸುತ್ತದೆ. ರೋಟೆನೋನ್ ಇದ್ದರೆ ಆಕ್ಸಲೋಅಸಿಟೇಟ್ ಅಷ್ಟು ತಯಾರಾಗುವುದಿಲ್ಲ.

ಹೃದಯ ಇಲ್ಲವೇ ಮಿದುಳಿನ ಮೈಟೊಕಾಂಡ್ರಿಯಾ ಬಳಸುವವರು ಸಕ್ಸಿನೇಟ್ ಬಾಟಲಿಯ ಮೇಲಿನ ಪೂರ್ತಿ ಹೆಸರು ಓದಿ. ಡೈಸೋಡಿಯಂ ಲವಣವಾದರೆ 5 ಮಿಲಿಮೋಲಾರ್ ಸಕ್ಸಿನೇಟ್ ಜೊತೆ 10 ಮಿಲಿಮೋಲಾರ್ ಸೋಡಿಯಂ ಬರುತ್ತದೆ. ಆ ಅಂಗಾಂಶಗಳಲ್ಲಿ ಕ್ಯಾಲ್ಸಿಯಂ ಹೊರಹೋಗುವುದು ಮುಖ್ಯವಾಗಿ ಸೋಡಿಯಂ ಜೊತೆ ಅದಲುಬದಲಾಗಿ. 2010ರಲ್ಲಿ ಎನ್‌ಸಿಎಲ್‌ಎಕ್ಸ್ ಎಂದು ಗುರುತಿಸಿದ ಪ್ರೋಟೀನ್ ಅದನ್ನು ಮಾಡುತ್ತದೆ. ಒಂದು ಕಡೆ ಕ್ಯಾಲ್ಸಿಯಂ ತುಂಬುತ್ತಾ ಇನ್ನೊಂದು ಕಡೆ ಸೋಡಿಯಂ ಕೊಟ್ಟು ಹೊರಹಾಕುತ್ತಿದ್ದರೆ ಗೆರೆ ಪೂರ್ತಿ ಕೆಳಗಿಳಿಯುವುದೆಲ್ಲಿ? ಲಿವರ್‌ನಲ್ಲಿ ಈ ದಾರಿ ದುರ್ಬಲ, ಅಲ್ಲಿ ಹೆಚ್ಚಾಗಿ ಪ್ರೋಟಾನು ಕೊಟ್ಟು ಹೊರಹಾಕುವ ದಾರಿ, ಅದೂ ನಿಧಾನ.

ಸೋರಿಕೆಯ ಕಡೆಗೆ ಬಂದರೆ: ಕೊಬ್ಬಿನಾಮ್ಲಗಳು. ಹೊತ್ತು ಕಳೆದಂತೆ ಪೊರೆಯ ಲಿಪಿಡ್‌ಗಳು ಒಡೆದು ಬಿಡುಗಡೆಯಾಗುವ ಇವು ಎಫ್‌ಸಿಸಿಪಿಯಂತೆಯೇ ಪ್ರೋಟಾನು ಸಾಗಿಸುತ್ತವೆ. ಅರೆಯುವ ಬಫರ್‌ಗೆ ಕೊಬ್ಬಿನಾಮ್ಲ ತೆಗೆದ ಆಲ್ಬುಮಿನ್ ಎಂಬ ಪ್ರೋಟೀನ್ ಹಾಕಿದರೆ ಅದು ಇವನ್ನು ಹೀರಿಕೊಳ್ಳುತ್ತದೆ. ಕ್ಯೂವೆಟ್‌ಗೇ ಸ್ವಲ್ಪ ಆಲ್ಬುಮಿನ್ ಹಾಕಿದಾಗ ಅನುಪಾತ ಚೇತರಿಸಿಕೊಂಡರೆ ದೋಷ ಸಿಕ್ಕಂತೆ. ಇನ್ನು ಹಿಂದಿನ ಓಟದಲ್ಲಿ (ಅಳತೆಯಲ್ಲಿ) ಬಳಸಿದ ಎಫ್‌ಸಿಸಿಪಿ. ಇದೂ, ಉಸಿರಾಟ ಇಲ್ಲವೇ ಎಟಿಪಿ ತಯಾರಿ ತಡೆಯುವ ರೋಟೆನೋನ್, ಆಂಟಿಮೈಸಿನ್, ಆಲಿಗೋಮೈಸಿನ್ ಕೂಡ ನೀರಿಗಿಂತ ಪ್ಲಾಸ್ಟಿಕ್ ಮತ್ತು ರಬ್ಬರ್ ಇಷ್ಟಪಡುವ ಅಣುಗಳು, ಎಲೆಕ್ಟ್ರೋಡ್ ಕೋಣೆಯ ಗೋಡೆಗೆ, ಮುಚ್ಚಳಕ್ಕೆ, ಓ-ರಿಂಗ್‌ಗೆ ಅಂಟಿಕೊಳ್ಳುತ್ತವೆ. ನೀರಲ್ಲಿ ಹತ್ತು ಸಲ ತೊಳೆದರೂ ಹೋಗುವುದಿಲ್ಲ. ಮೊದಲು ಎಥೆನಾಲ್, ಆಮೇಲೆ ಆಲ್ಬುಮಿನ್ ದ್ರಾವಣ, ಆಮೇಲೆ ನೀರು. ಬೆಳಗಿನ ಮೊದಲ ಓಟ ಚೆನ್ನಾಗಿದ್ದು ಎರಡನೆಯದರಿಂದ ಎಲ್ಲ ಕೆಟ್ಟರೆ ನೂರಕ್ಕೆ ತೊಂಬತ್ತು ಪಾಲು ಇದೇ.

ಸ್ವಲ್ಪ ಇಳಿದು ನಿಲ್ಲುತ್ತದೆ

ನನಗೆ ತುಂಬ ಇಷ್ಟವಾದ ದೋಷ ಇದು, ಯಾಕೆಂದರೆ ಇಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ವಿಭವ ಇದೆ, ಚಾನೆಲ್ ತೆರೆದಿದೆ, ಉಸಿರಾಟ ನಡೆದಿದೆ. ಆದರೂ ನಿಲ್ಲುತ್ತದೆ.

ಒಂದು ಕ್ಯಾಲ್ಸಿಯಂ ಒಳಗೆ ಬಂದರೆ ಎರಡು ಧನ ವಿದ್ಯುದಂಶ ಬಂದಂತೆ. ವಿಭವ ಕುಸಿಯದಿರಲು ಉಸಿರಾಟದ ಸರಪಳಿ ಎರಡು ಪ್ರೋಟಾನು ಹೊರಗೆ ತಳ್ಳುತ್ತದೆ. ವಿದ್ಯುತ್ತಿನ ಲೆಕ್ಕ ಸರಿಹೋಯಿತು. ಆದರೆ ಒಳಗಿದ್ದ ಪ್ರೋಟಾನು ಕಡಿಮೆಯಾದದ್ದರಿಂದ ಒಳಭಾಗ ಇನ್ನಷ್ಟು ಕ್ಷಾರವಾಯಿತು. ಹೀಗೆ ಪಲ್ಸ್ ಮೇಲೆ ಪಲ್ಸ್ ಬಂದರೆ ಪಿಎಚ್ ಅಂತರ ಬೆಳೆಯುತ್ತಾ ಹೋಗುತ್ತದೆ. ಸರಪಳಿ ಒದಗಿಸಬಲ್ಲ ಒಟ್ಟು ಬಲಕ್ಕೆ ಒಂದು ಮಿತಿ ಇದೆ. ಪಿಎಚ್ ಅಂತರಕ್ಕೆ ಹೆಚ್ಚು ಖರ್ಚಾದಷ್ಟೂ ವಿಭವಕ್ಕೆ ಉಳಿಯುವುದು ಕಡಿಮೆ. ಕ್ಯಾಲ್ಸಿಯಂ ಅನ್ನು ಎಳೆಯುವುದು ವಿಭವ ಮಾತ್ರ ಎಂದು ಮೇಲೆ ಹೇಳಿದೆನಲ್ಲ, ಅಲ್ಲಿಗೆ ಎಳೆತ ನಿಂತಿತು.

ಫಾಸ್ಫೇಟ್ ಇದನ್ನು ಬಿಡಿಸುತ್ತದೆ. ಅದನ್ನು ಒಳಪೊರೆ ದಾಟಿಸುವ ವಾಹಕ ಪ್ರೋಟೀನ್ ಪ್ರತಿ ಫಾಸ್ಫೇಟ್ ಜೊತೆ ಒಂದು ಪ್ರೋಟಾನನ್ನೂ ಒಳಗೆ ತರುತ್ತದೆ, ವಿದ್ಯುತ್ತಿನ ಲೆಕ್ಕದಲ್ಲಿ ಈ ಜೋಡಿ ಸೊನ್ನೆ. ಒಳಭಾಗದ ಕ್ಷಾರ ಇಳಿಯುತ್ತದೆ, ವಿಭವ ಮೇಲೇಳುತ್ತದೆ. ಅದರ ಮೇಲೆ ಒಳಗೆ ಬಂದ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಕಟ್ಟಿಕೊಂಡು ಬಿಡಿ ಕ್ಯಾಲ್ಸಿಯಂ ಅನ್ನೂ ಕಡಿಮೆ ಇಡುತ್ತದೆ.

ಹಾಗಾಗಿ ಮೂರನೆಯ ಬಗೆಯ ಗೆರೆ ಕಂಡರೆ ಮಾಧ್ಯಮದಲ್ಲಿ ಫಾಸ್ಫೇಟ್ ಇದೆಯೇ ನೋಡಿ. ಎಷ್ಟೋ ಸಲ ಇರುವುದಿಲ್ಲ, ಬೇರೆ ಯಾವುದೋ ಪ್ರಯೋಗದ ಪೊಟ್ಯಾಸಿಯಂ ಕ್ಲೋರೈಡ್–ಹೆಪಿಸ್ ಬಾಟಲಿ ಎತ್ತಿಕೊಂಡಿರುತ್ತಾರೆ. ಓಟದ ಮಧ್ಯೆ, ಗೆರೆ ನಿಂತ ಜಾಗದಲ್ಲೇ, 2 ಮಿಲಿಮೋಲಾರ್ ಫಾಸ್ಫೇಟ್ ಹಾಕಿ. ಗೆರೆ ಜಾರಿ ಕೆಳಗಿಳಿದರೆ ಅಲ್ಲಿಗೆ ಮುಗಿಯಿತು.

ಇಳಿಯದಿದ್ದರೆ ಫಾಸ್ಫೇಟ್ ಬದಲು ಅಸಿಟೇಟ್ 5–10 ಮಿಲಿಮೋಲಾರ್ ಹಾಕಿ ನೋಡಿ. ಅಸಿಟಿಕ್ ಆಮ್ಲಕ್ಕೆ ವಾಹಕ ಬೇಡ, ವಿದ್ಯುದಂಶವಿಲ್ಲದ ರೂಪದಲ್ಲಿ ಪೊರೆಯೊಳಗಿಂದ ತಾನೇ ದಾಟಿ ಒಳಗೆ ಪ್ರೋಟಾನು ಬಿಡುತ್ತದೆ. ಅಸಿಟೇಟ್‌ಗೆ ಗೆರೆ ಇಳಿದು ಫಾಸ್ಫೇಟ್‌ಗೆ ಇಳಿಯದಿದ್ದರೆ ಫಾಸ್ಫೇಟ್ ವಾಹಕವೇ ಮುಚ್ಚಿದೆ. ಅದರ ಸಿಸ್ಟೀನ್‌ಗಳು (ಗಂಧಕವಿರುವ ಅಮೈನೊ ಆಮ್ಲಗಳು) ಎನ್-ಇಥೈಲ್‌ಮೇಲಿಮೈಡ್, ಮರ್ಸಲಿಲ್‌ನಂಥ, ಥಯಾಲ್ ಎಂಬ ಗಂಧಕದ ಗುಂಪನ್ನು ಹಿಡಿಯುವ ವಸ್ತುಗಳಿಗೆ ಬಲು ಬೇಗ ಸಿಗುತ್ತವೆ. ಪಕ್ಕದ ಬೆಂಚಿನವರು ಅವನ್ನು ಬಳಸುತ್ತಾರೆಯೇ, ಪಿಪೆಟ್ ಹಂಚಿಕೊಳ್ಳುತ್ತೀರೇ, ವಿಚಾರಿಸಿ.

ವಾಹಕದ ಮೇಲೆ ಅನುಮಾನ ಗಟ್ಟಿಯಾದರೆ ಅಮೋನಿಯಂ ಲವಣಗಳ ಊದುವ ಪರೀಕ್ಷೆ ಮಾಡಿ. ಚಾಪೆಲ್ ಮತ್ತು ಕ್ರಾಫ್ಟ್ಸ್ 1960ರ ದಶಕದಲ್ಲಿ ರೂಢಿಗೆ ತಂದ ಈ ಉಪಾಯಕ್ಕೆ ಬೇಕಾದದ್ದು ಸಾಮಾನ್ಯ ಸ್ಪೆಕ್ಟ್ರೊಫೋಟೊಮೀಟರ್ ಮಾತ್ರ. ಮೈಟೊಕಾಂಡ್ರಿಯಾ ಊದಿದರೆ ಕದಡು ತಿಳಿಯಾಗುತ್ತದೆ, 540 ನ್ಯಾನೊಮೀಟರ್‌ನಲ್ಲಿ ಓದು ಇಳಿಯುತ್ತದೆ. ಉಸಿರಾಟ ನಿಲ್ಲಿಸಲು ರೋಟೆನೋನ್ ಮತ್ತು ಆಂಟಿಮೈಸಿನ್ ಹಾಕಿ. ಈಗ ಒಂದು ಕ್ಯೂವೆಟ್‌ನಲ್ಲಿ ಸುಮಾರು 120 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್, ಇನ್ನೊಂದರಲ್ಲಿ 100ರಷ್ಟು ಅಮೋನಿಯಂ ಫಾಸ್ಫೇಟ್, ಎರಡೂ ಪಿಎಚ್ 7.4.

ಅಮೋನಿಯಾ ಅನಿಲರೂಪದಲ್ಲಿ ಪೊರೆ ದಾಟಿ ಒಳಗಿನ ಪ್ರೋಟಾನು ಹಿಡಿದು ಅಮೋನಿಯಂ ಆಗುತ್ತದೆ. ಕ್ಲೋರೈಡ್ ಕ್ಯೂವೆಟ್‌ನಲ್ಲಿ ಅಷ್ಟಕ್ಕೇ ನಿಲ್ಲುತ್ತದೆ, ಯಾಕೆಂದರೆ ಪ್ರೋಟಾನು ತಂದುಕೊಡುವವರಿಲ್ಲ, ಈ ಪಿಎಚ್‌ನಲ್ಲಿ ಕ್ಲೋರೈಡ್ ಒಳಪೊರೆ ದಾಟುವುದು ಅತ್ಯಲ್ಪ. ಫಾಸ್ಫೇಟ್ ಕ್ಯೂವೆಟ್‌ನಲ್ಲಿ ವಾಹಕ ಫಾಸ್ಫೇಟ್ ಜೊತೆ ಪ್ರೋಟಾನನ್ನೂ ತರುತ್ತದೆ, ಒಳಗೆ ಅಮೋನಿಯಂ ಫಾಸ್ಫೇಟ್ ತುಂಬುತ್ತದೆ, ನೀರು ಹಿಂದೆ ಬರುತ್ತದೆ, ಊದುತ್ತದೆ. ಓದು ಕಣ್ಣೆದುರೇ ಬಿದ್ದುಹೋಗುತ್ತದೆ. ಫಾಸ್ಫೇಟ್‌ನಲ್ಲಿ ಊದಿ ಕ್ಲೋರೈಡ್‌ನಲ್ಲಿ ಊದದಿದ್ದರೆ ವಾಹಕವೂ ಚೆನ್ನಾಗಿದೆ, ಪೊರೆಯೂ ಗಟ್ಟಿಯಿದೆ. ಎರಡರಲ್ಲೂ ಊದದಿದ್ದರೆ ವಾಹಕ ಮುಚ್ಚಿದೆ. ಕ್ಲೋರೈಡ್‌ನಲ್ಲೂ ಊದಿದರೆ ಪೊರೆಯೇ ತೂತಾಗಿದೆ, ಮುಂದಿನ ಭಾಗ ಓದಿ.

ಇದೇ ತರ್ಕದಲ್ಲಿ ಪೊಟ್ಯಾಸಿಯಂ ಸೋರಿಕೆಯನ್ನೂ ನೋಡಬಹುದು. ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ಒಳ್ಳೆಯ ಮೈಟೊಕಾಂಡ್ರಿಯಾ ಊದುವುದು ತೀರಾ ನಿಧಾನ. ಪೊಟ್ಯಾಸಿಯಂ ಹೊತ್ತೊಯ್ಯುವ ವ್ಯಾಲಿನೊಮೈಸಿನ್ ಹಾಕಿದೊಡನೆ ರಭಸವಾಗಿ ಊದುತ್ತದೆ. ಹಾಕುವ ಮುಂಚೆಯೇ ಊದಿದರೆ ಯಾರೋ ಹಿಂದಿನ ದಿನ ಅದೇ ಕ್ಯೂವೆಟ್‌ನಲ್ಲಿ ವ್ಯಾಲಿನೊಮೈಸಿನ್ ಬಳಸಿದ್ದಾರೆ.

ಇಳಿದು, ಆಮೇಲೆ ಜಿಗಿಯುತ್ತದೆ

ಎರಡು ಕಾರಣ. ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದು ಯಾರಿಗೂ ನೆನಪಾಗುವುದಿಲ್ಲ.

ಗೊತ್ತಿರುವುದು ಪರ್ಮಿಯಬಿಲಿಟಿ ಟ್ರಾನ್ಸಿಷನ್. ಹಂಟರ್ ಮತ್ತು ಹಾವರ್ತ್ 1979ರಲ್ಲಿ ವಿವರಿಸಿದಂತೆ, ಒಳಗೆ ಕ್ಯಾಲ್ಸಿಯಂ ಮಿತಿ ಮೀರಿದಾಗ ಒಳಪೊರೆಯಲ್ಲಿ ಸುಮಾರು 1,500 ಡಾಲ್ಟನ್ ಅಣುಭಾರದವರೆಗಿನ ಯಾವುದನ್ನಾದರೂ ಬಿಡುವ ರಂಧ್ರ ತೆರೆಯುತ್ತದೆ. ವಿಭವ ಹೋಗುತ್ತದೆ, ಕೂಡಿಟ್ಟ ಕ್ಯಾಲ್ಸಿಯಂ ಒಟ್ಟಿಗೇ ಹೊರಬೀಳುತ್ತದೆ. ಮೇಲೆ ಹೊಗಳಿದ ಫಾಸ್ಫೇಟ್ ಹೆಚ್ಚಾದರೆ ಇದನ್ನು ತೆರೆಯಲು ನೆರವಾಗುತ್ತದೆ. 2 ಸಾಕು ಎಂದಿದ್ದಕ್ಕೆ 10 ಹಾಕಿದವರು ಇಲ್ಲಿ ಬಂದು ಸಿಕ್ಕಿಬೀಳುತ್ತಾರೆ. ಮೆಗ್ನೀಸಿಯಂ, ಎಡಿಪಿ ಮತ್ತು ಕಡಿಮೆ ಪಿಎಚ್ ತೆರೆಯದಂತೆ ತಡೆಯುತ್ತವೆ. ಆ ರಂಧ್ರ ಯಾವ ಪ್ರೋಟೀನಿನದು, ಎಟಿಪಿ ಸಿಂಥೇಸ್‌ನದೋ, ಎಡಿಪಿ–ಎಟಿಪಿ ವಾಹಕದ್ದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮ್ಮ ದೋಷ ಹುಡುಕಲು ಅದು ಇತ್ಯರ್ಥವಾಗಬೇಕಿಲ್ಲ. 1 ಮೈಕ್ರೊಮೋಲಾರ್ ಸೈಕ್ಲೋಸ್ಪೊರಿನ್ ಎ ಹಾಕಿ ಪಲ್ಸ್‌ಗಳನ್ನು ಎಣಿಸಿ. ಅದು ಸೈಕ್ಲೊಫಿಲಿನ್ ಡಿ ಎಂಬ ಪ್ರೋಟೀನನ್ನು ಹಿಡಿದು ರಂಧ್ರ ತೆರೆಯುವುದನ್ನು ತಡಮಾಡಿಸುತ್ತದೆ. ತಡಮಾಡಿಸುತ್ತದೆ ಅಷ್ಟೇ, ಪೂರ್ತಿ ತಡೆಯುವುದಿಲ್ಲ: ಸೈಕ್ಲೊಫಿಲಿನ್ ಡಿ ಇಲ್ಲದ ಚಿಕ್ಕ ಜಾತಿಯ ಇಲಿಗಳಲ್ಲೂ, ಅಂದರೆ ಮೈಸ್‌ನಲ್ಲೂ, ಕ್ಯಾಲ್ಸಿಯಂ ಇನ್ನೂ ಹೆಚ್ಚಿಸಿದರೆ ರಂಧ್ರ ತೆರೆಯುತ್ತದೆಂದು 2005ರಲ್ಲೇ ಕಂಡಿದೆ. ಸೈಕ್ಲೋಸ್ಪೊರಿನ್ ಇದ್ದಾಗ ನುಂಗುವ ಪಲ್ಸ್‌ಗಳ ಸಂಖ್ಯೆ ಎದ್ದು ಕಾಣುವಷ್ಟು ಹೆಚ್ಚಿದರೆ ರಂಧ್ರವೇ ಕಾರಣ. ಪಲ್ಸ್ ಚಿಕ್ಕದು ಮಾಡಿ, ಫಾಸ್ಫೇಟ್ ಇಳಿಸಿ, ಮೈಟೊಕಾಂಡ್ರಿಯಾ ಬೇಗ ಬಳಸಿ.

ಸೈಕ್ಲೋಸ್ಪೊರಿನ್‌ಗೆ ಏನೂ ಬದಲಾಗದಿದ್ದರೆ ಎರಡನೆಯ ಕಾರಣ: ಕ್ಯೂವೆಟ್‌ನಲ್ಲಿ ಆಮ್ಲಜನಕ ಮುಗಿದಿದೆ. ಮಿಲಿಲೀಟರ್‌ಗೆ ಇರುವುದೇ 215 ನ್ಯಾನೊಮೋಲ್. ಕ್ಯಾಲ್ಸಿಯಂ ಎಳೆಯುತ್ತಿರುವ 1 ಮಿಲಿಗ್ರಾಂ ಮೈಟೊಕಾಂಡ್ರಿಯಾ ಅದನ್ನು ಕೆಲವೇ ನಿಮಿಷಗಳಲ್ಲಿ ಉಸಿರಾಡಿ ಮುಗಿಸುತ್ತದೆ. ಉಸಿರು ನಿಂತರೆ ವಿಭವ ಇಳಿಯುತ್ತದೆ, ಕ್ಯಾಲ್ಸಿಯಂ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ರಂಧ್ರ ತೆರೆದಂತೆಯೇ ಕಾಣುತ್ತದೆ, ನೋಡಿದವರು ಮೋಸ ಹೋಗುತ್ತಾರೆ. ಮುಚ್ಚಳ ತೆಗೆದು ಪ್ಲಾಸ್ಟಿಕ್ ಕಡ್ಡಿಯಿಂದ ಚೆನ್ನಾಗಿ ಕದಡಿ. ಗೆರೆ ಮತ್ತೆ ಇಳಿದರೆ ಅದು ರಂಧ್ರವಲ್ಲ. ಪ್ರೋಟೀನ್ ಅರ್ಧಕ್ಕಿಳಿಸಿ, ಸ್ಟಿರರ್ ವೇಗ ಹೆಚ್ಚಿಸಿ.

ಕೊನೆಗೆ ಚಾನೆಲ್

ಇಷ್ಟೆಲ್ಲ ನೋಡಿದ ಮೇಲೂ ವಿಭವ ಗಟ್ಟಿಯಾಗಿದ್ದು, ಫಾಸ್ಫೇಟ್ ಇದ್ದು, ಗೆರೆ ಮೇಲೆಯೇ ನಿಂತಿದ್ದರೆ ಮಾತ್ರ ಚಾನೆಲ್ ಕಡೆ ತಿರುಗಿ. ಮೈಟೊಕಾಂಡ್ರಿಯಾ ಕ್ಯಾಲ್ಸಿಯಂ ಹೀರುತ್ತವೆ ಎಂಬುದು 1960ರ ದಶಕದ ಆರಂಭದಿಂದಲೇ ಗೊತ್ತಿದ್ದರೂ ಎಂಸಿಯು ಎಂಬ ಆ ಚಾನೆಲ್‌ನ ಪ್ರೋಟೀನನ್ನು ಎರಡು ತಂಡಗಳು ಗುರುತಿಸಿದ್ದು 2011ರಲ್ಲಿ. ಅದರ ಬಾಗಿಲು ಕಾಯುವ ಎಂಐಸಿಯು1 ಅದಕ್ಕೊಂದು ವರ್ಷ ಮುಂಚೆ ಸಿಕ್ಕಿತ್ತು. ಹೊರಗಿನ ಕ್ಯಾಲ್ಸಿಯಂ ತೀರಾ ಕಡಿಮೆಯಿದ್ದರೆ ಎಂಐಸಿಯು1 ಬಾಗಿಲು ತೆಗೆಯುವುದಿಲ್ಲ, ಆದ್ದರಿಂದ 1 ಮೈಕ್ರೊಮೋಲಾರ್‌ಗಿಂತ ಚಿಕ್ಕ ಪಲ್ಸ್ ಬಿಟ್ಟು ಇಳಿಯಲಿಲ್ಲ ಎಂದು ಗೋಳಾಡಬೇಡಿ. ಮಾಧ್ಯಮದಲ್ಲಿ ಮೆಗ್ನೀಸಿಯಂ ಹೆಚ್ಚಿದ್ದರೆ ಎಳೆತ ನಿಧಾನವಾಗುತ್ತದೆ, ಅದನ್ನು ತೆಗೆದು ನೋಡಿ.

ಇನ್ನು ನಾವೇ ಮುಚ್ಚಿದ ಚಾನೆಲ್‌ನ ಕಥೆ. ರುಥೇನಿಯಂ ರೆಡ್ ಎಂಬ ಬಣ್ಣ ಒಂದು ಮೈಕ್ರೊಮೋಲಾರ್‌ಗಿಂತ ಕಡಿಮೆ ಇದ್ದರೂ ಈ ಚಾನೆಲ್ ಅನ್ನು ಮುಚ್ಚುತ್ತದೆ. ಹಿಂದಿನ ದಿನ ಕಂಟ್ರೋಲ್‌ಗೆ (ಹೋಲಿಕೆಯ ಓಟಕ್ಕೆ) ಅದನ್ನು ಬಳಸಿದ್ದರು, ಕ್ಯೂವೆಟ್ ತೊಳೆದರು, ಒಳಗೆ ತಿರುಗಿ ಕದಡುವ ಸ್ಟಿರ್ ಬಾರ್ ತೊಳೆಯಲಿಲ್ಲ. ಬೆಳಕಿಗೆ ಹಿಡಿದು ನೋಡಿದಾಗ ಆ ಬಿಳಿ ತುಂಡಿನ ಒಂದು ತುದಿಯಲ್ಲಿ, ಗೀರು ಬಿದ್ದ ಜಾಗದಲ್ಲಿ, ಉಗುರಿನ ಸಂದಿಯಲ್ಲಿ ಉಳಿದ ಕುಂಕುಮದಷ್ಟು ಕೆಂಪು. ಹೊಸ ಸ್ಟಿರ್ ಬಾರ್ ಹಾಕಿದೆವು, ಗೆರೆ ಇಳಿಯಿತು. ಅದಾದ ಮೇಲೆ ರುಥೇನಿಯಂ ರೆಡ್‌ಗೆಂದೇ ಒಂದು ಕ್ಯೂವೆಟ್, ಒಂದು ಸ್ಟಿರ್ ಬಾರ್ ಬೇರೆ ಡಬ್ಬಿಯಲ್ಲಿಟ್ಟಿದ್ದೇವೆ.

ಹೊತ್ತಿನ ಮಿತಿ

ಐಸ್ ಮೇಲಿಟ್ಟರೂ ಲಿವರ್ ಮೈಟೊಕಾಂಡ್ರಿಯಾ ಐದಾರು ಗಂಟೆಯಷ್ಟೇ ನಂಬಿಕೆಗೆ ಅರ್ಹ. ಹತ್ತೂವರೆಗೆ ತೆಗೆದದ್ದನ್ನು ಮಧ್ಯಾಹ್ನ ಮೂರರ ನಂತರ ದೋಷ ಹುಡುಕಲು ಬಳಸಬೇಡಿ, ಆಗ ಸಿಗುವ ದೋಷ ವಯಸ್ಸಿನದು. ಫ್ರೀಜರ್‌ಗೆ ಹಾಕಿ ನಾಳೆ ನೋಡೋಣ ಎನ್ನುವಂತೆಯೂ ಇಲ್ಲ, ಕರಗಿದಾಗ ಒಳಪೊರೆ ಹರಿದಿರುತ್ತದೆ. ಆದರೆ ಬಣ್ಣದ ಪರೀಕ್ಷೆ, ಮಾಧ್ಯಮದ ಕ್ಯಾಲ್ಸಿಯಂ, ಸ್ಟಾಕ್‌ಗಳ ಪಿಎಚ್, ಉಳಿದ ಬಫರ್‌ನ 25 ಮೈಕ್ರೊಲೀಟರ್ ಹಾಕಿ ಮಾಡುವ ಇಜಿಟಿಎ ಲೆಕ್ಕ, ಎಲೆಕ್ಟ್ರೋಡ್ ತೊಳೆಯುವುದು, ಇವು ಯಾವುದಕ್ಕೂ ಮೈಟೊಕಾಂಡ್ರಿಯಾ ಬೇಡ. ಅವನ್ನು ಅದೇ ಸಂಜೆ ಮುಗಿಸಿ, ಆಮೇಲೆ ಮುಂದಿನ ಇಲಿಗೆ ಪ್ರಾಣಿಶಾಲೆಯ ರಿಜಿಸ್ಟರ್‌ನಲ್ಲಿ ಹೆಸರು ಬರೆಯಿರಿ.